ತಂಬಳ್ಳಿ ಸಾಯುವ ಜಾಗ

ಶೀತಲವನ ಬಡಾವಣೆಯಲ್ಲಿ ತಂಬಳ್ಳಿ ಸಾಯತೊಡಗಿದ ಸುದ್ದಿಯನ್ನು ಮೊದಲು ತಂದವರು ಸತ್ತ ಗಿಡ ಕಂಡವರಲ್ಲ, ಬೆವರಿದವರು. ಪಾರಿಜಾತ ಬೀದಿಯ ನಿವೃತ್ತ ಇಂಜಿನಿಯರೊಬ್ಬರು ಕಂಟ್ರೋಲ್ ರೂಮಿಗೆ ಫೋನು ಮಾಡಿ, ತಮ್ಮ ಮಲಗುವ ಕೋಣೆಯ ಗೋಡೆ ಮುಟ್ಟಿದರೆ ಬೆಚ್ಚಗಿದೆ, ಇದಕ್ಕೇನು ನಾವು ಇಲ್ಲಿ ಮನೆ ತಗೊಂಡದ್ದು ಎಂದು ಕೇಳಿದರು. ಗೋಡೆ ಬೆಚ್ಚಗಿರುವುದು ದೂರು ಕೊಡುವಂಥ ಸಂಗತಿ ಎಂದು ಕಾಂಪೌಂಡಿನ ಆಚೆ ಇದ್ದವರು ಯಾರೂ ಕೇಳಿದವರಲ್ಲ.

ಆ ಸೀಮೆಯ ಬೇಸಿಗೆ ಬೇಸಿಗೆಯಾಗಿ ಉಳಿಯದೆ ಕಾಯಿಲೆಯಾಗಿ ಬಹಳ ಕಾಲವಾಗಿತ್ತು. ಕಲಬುರಗಿಯ ಸುತ್ತ ಮಧ್ಯಾಹ್ನ ಹೊರಗೆ ಬಂದರೆ ದಂಡ ಎಂದು ಸರಕಾರ ಕಾಯಿದೆ ಮಾಡಿತ್ತು. ಹೊರಗೆ ದುಡಿಯದಿದ್ದರೆ ಉಣ್ಣುವುದೇನು ಎಂಬುದಕ್ಕೆ ಕಾಯಿದೆ ಮಾಡಿರಲಿಲ್ಲ. ಅಂಥ ಹೊತ್ತಿನಲ್ಲಿ ಬಂದದ್ದು ತಂಬಳ್ಳಿ. ನೋಡಲಿಕ್ಕೆ ಅಂಗಳದ ಅಂದಕ್ಕೆ ಹಬ್ಬಿಸುವ ಯಾವುದೇ ನೆಲಬಳ್ಳಿಯ ಹಾಗೆ. ಉಗುರಿನಷ್ಟಗಲದ ಎಲೆ, ಚಾಪೆಯಂತೆ ನೆಲಕ್ಕಂಟಿ ಹರಡುವ ಕಾಂಡ, ತೆಳು ನೇರಳೆ ಹೂವು. ಕರಾಮತ್ತು ಇದ್ದದ್ದು ಬೇರಿನಲ್ಲಿ. ಪ್ರಯೋಗಾಲಯದಲ್ಲಿ ತಿದ್ದಿದ ಆ ಬೇರು ಬಾವಿ ತೋಡುವವನಂತೆ ಎರಡಾಳು ಆಳ ಇಳಿದು, ರಾತ್ರಿಯಿಡೀ ತಳದ ಪಸೆಯನ್ನು ಹೀರಿ ತಂದು, ಹಗಲು ಎಲೆಯಿಂದ ಉಸಿರಾಗಿ ಬಿಡುತ್ತಿತ್ತು. ಸುತ್ತ ತಂಬಳ್ಳಿ ಹಾಸಿದ ಮನೆ ಒದ್ದೆ ದುಪ್ಪಟಿ ಹೊದ್ದ ಹಾಗೆ ತಣ್ಣಗಿರುತ್ತಿತ್ತು. ಆ ತಂಪು ಕಾಂಪೌಂಡಿನ ಗೋಡೆಯವರೆಗೆ ಬಂದು, ಒಳ್ಳೆ ನಡತೆ ಕಲಿತ ನಾಯಿಯಂತೆ ಅಲ್ಲೇ ನಿಲ್ಲುತ್ತಿತ್ತು.

ಬೇರಿನ ನಡುವೆ ಕೂದಲಿನಷ್ಟು ಸಣ್ಣ ತಂತಿಗಳಿದ್ದವು. ಗಿಡಕ್ಕೇನಾಗುತ್ತಿದೆ ಎಂಬುದನ್ನು ಅವು ಕಂಟ್ರೋಲ್ ರೂಮಿನ ಯಂತ್ರಕ್ಕೆ ಹೇಳುತ್ತಿದ್ದವು. ಯಂತ್ರಕ್ಕೆ ಇಟ್ಟ ಹೆಸರು ಮಾಲಿ. ಅದು ಬರುವ ಮೊದಲು ಅಲ್ಲಿ ಮನುಷ್ಯ ಮಾಲಿಗಳಿದ್ದರು. ಅವರ ಕೆಲಸ ಹೋಯಿತು, ಹೆಸರಷ್ಟೇ ಉಳಿಯಿತು. ಗೋಡೆಯಗಲದ ಪರದೆಯ ಮೇಲೆ ಇಡೀ ಶೀತಲವನ ಹಸಿರಾಗಿ ಹರಡಿರುತ್ತಿತ್ತು, ಎಲ್ಲಿ ಗಿಡ ನರಳಿದರೆ ಅಲ್ಲಿ ಹಳದಿ, ಸತ್ತರೆ ಕೆಂಪು. ಮಾಲಿಗೆ ಬರುತ್ತಿದ್ದ ಮಾತು ಕೆಲವೇ ಕೆಲವು. ಆರಾಮ, ಹಸಿವು, ರೋಗ, ಬಾಯಾರಿಕೆ. ಕಡೆಯದನ್ನು ಹೇಳಿದಾಗಲೆಲ್ಲ ಅದರ ಹಿಂದೆಯೇ ಒಂದು ಪ್ರಶ್ನೆ ಬರುತ್ತಿತ್ತು: ನೀರು ಬಿಡಲೇ? ಕೆಳಗೆ ಎರಡು ಗುಂಡಿ, ಹೌದು, ಬೇಡ.

ಪರದೆಯ ಮುಂದೆ ಕೂರುತ್ತಿದ್ದವಳು ಯಶೋಧರಾ. ಸಸ್ಯರೋಗ ಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವಳು, ಸತ್ತ ಗಿಡದ ಬೇರು ಮೂಸಿ ಕಾರಣ ಹೇಳುವಷ್ಟು ಪಳಗಿದವಳು. ಕೆಲಸಕ್ಕೆ ಸೇರುವಾಗ ಮೇಲಧಿಕಾರಿ ಪ್ರಫುಲ್ಲ ದೇಸಾಯಿ, ನಿಮ್ಮದು ಯಾವ ಕಡೆ ಎಂದು ಕೇಳಿದ್ದರು. ಕೇಳುವ ರೀತಿಯಲ್ಲೇ ಅದು ಊರಿನ ಪ್ರಶ್ನೆಯಲ್ಲ ಎಂದು ತಿಳಿದು, ಸ್ಟೇಷನ್ ಕಡೆ ಎಂದು ಜಾರಿಕೊಂಡಿದ್ದಳು. ಅವಳ ಓಣಿ ಇದ್ದದ್ದು ಕಾಂಪೌಂಡಿನ ಬೆನ್ನಿಗೇ. ಶೀತಲವನ ಕಟ್ಟಲು ಎಬ್ಬಿಸಿದ ಜನರನ್ನು ತಗಡಿನ ಶೆಡ್ಡುಗಳಲ್ಲಿ ತುಂಬಿದ ಜಾಗ ಅದು. ಅಲ್ಲಿಂದ ಕಳೆ ಕೀಳಲು ಬರುವ ಹೆಂಗಸರು ಅವಳನ್ನು ಒಳಗೆ ಮ್ಯಾಡಂ ಎನ್ನುತ್ತಿದ್ದರು, ಗೇಟು ದಾಟಿದ ಮೇಲೆ ಯಶೀ ಎನ್ನುತ್ತಿದ್ದರು. ಹೀಗೆ ಮಾಡಿ ಎಂದು ಅವಳು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳದೆಯೇ ತಿಳಿದುಕೊಂಡರಲ್ಲ ಎಂಬುದೇ ಅವಳನ್ನು ಒಳಗೊಳಗೆ ಚುಚ್ಚುತ್ತಿತ್ತು.

ದೂರು ಬಂದ ಮೇಲೆ ಅವಳು ಪಾರಿಜಾತ ಬೀದಿಗೆ ಹೋಗಿ ಮೊಣಕಾಲೂರಿ ಕೂತು ನೋಡಿದಳು. ಎಲೆಯ ನಡು ಹಸಿರಾಗಿಯೇ ಇತ್ತು, ಅಂಚು ಮಾತ್ರ ದೀಪಕ್ಕೆ ಹಿಡಿದ ಹಾಗೆ ಸುಟ್ಟಿತ್ತು. ಬೂಷ್ಟು ಹಿಡಿದಿರಬೇಕೆಂದು ಔಷಧಿ ಸಿಂಪಡಿಸಿದಳು. ಔಷಧಿ ಕುಡಿದು ಬೂಷ್ಟು ಸಾಯಲಿಲ್ಲ, ಏಕೆಂದರೆ ಬೂಷ್ಟು ಇರಲೇ ಇಲ್ಲ. ಹುಳ ಹುಡುಕಿದಳು, ಸಿಗಲಿಲ್ಲ. ದೇಸಾಯಿಯವರು ನಿವಾಸಿಗಳ ನಾಯಿಗಳ ಉಚ್ಚೆಯ ಮೇಲೆ ಗುಮಾನಿಪಟ್ಟು, ಇಷ್ಟು ದೊಡ್ಡ ಮಚ್ಚೆ ಮಾಡಬೇಕಾದರೆ ನಾಯಿಯಲ್ಲ, ಆನೆ ಸಾಕಿರಬೇಕು ಎಂದು ತಾವೇ ನಕ್ಕರು. ಮಾಲಿಯನ್ನು ಕೇಳಿದರೆ ಒಂದೇ ಮಾತು, ಬಾಯಾರಿಕೆ. ನೀರು ಬಿಟ್ಟರು. ಮಚ್ಚೆ ದೊಡ್ಡದಾಯಿತು. ಮಣ್ಣು ಹಿಂಡಿದರೆ ನೀರು ಸುರಿಯುತ್ತಿದೆ, ಅದರಲ್ಲಿ ನಿಂತ ಗಿಡ ನೀರಡಿಕೆ ನೀರಡಿಕೆ ಎನ್ನುತ್ತ ಸಾಯುತ್ತಿದೆ. ಅವಳು ಓದಿದ ಯಾವ ರೋಗವೂ ಹೀಗೆ ವರ್ತಿಸುತ್ತಿರಲಿಲ್ಲ.

ಮಣ್ಣಿನ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಅಲ್ಲಿ ಮೇಲಿದ್ದದ್ದು ಬೇರೆ ಕಡೆಯಿಂದ ತಂದು ಹಾಸಿದ ಕೆಂಪು ಮಣ್ಣು, ಅದರ ತಳಕ್ಕೆ ಒಂದು ಪ್ಲಾಸ್ಟಿಕ್ ಜಾಲರಿ, ಜಾಲರಿಯ ಕೆಳಗೆ ಮೂಲದ ಎರೆ ನೆಲ. ಜಾಲರಿಯ ಕೆಳಗೆ ಯಾರೂ ಸಲಿಕೆ ಹಾಕಬಾರದು ಎಂಬುದು ಕಂಪನಿಯ ಕಟ್ಟಪ್ಪಣೆ. ಬೇರು ಮಾತ್ರ ಜಾಲರಿಯ ಕಣ್ಣಿನಲ್ಲಿ ನುಸುಳಿ ಇಳಿಯುತ್ತಿತ್ತು. ಯಾಕೆ ಈ ನಿಯಮ ಎಂದು ಅವಳು ಕೇಳಿದಾಗ ದೇಸಾಯಿಯವರು, ಗ್ಯಾರಂಟಿ ಹೋಗುತ್ತದಂತೆ ಎಂದಿದ್ದರು. ನಂಬುವುದಕ್ಕೆ ಹಿತವಾದ ಉತ್ತರ. ನಂಬಿದಳು.

ಕಾರಣ ಸಿಕ್ಕಿದ್ದು ಒಂದು ಬೆಳಗಿನ ಜಾವ. ಹೊತ್ತು ಹುಟ್ಟುವ ಮುಂಚೆ ತಂಬಳ್ಳಿ ಎಲೆಯ ಅಂಚಿನಲ್ಲಿ ಹನಿ ಕಟ್ಟುತ್ತದೆ. ಇಬ್ಬನಿಯಲ್ಲ, ಬೇರು ಹೀರಿ ಹೆಚ್ಚಾದ ನೀರು. ಆ ಹನಿ ಒಣಗಿದ ಕಡೆ ಬೆಳ್ಳಗಿನ ಹಕ್ಕಳೆ ನಿಂತಿದ್ದನ್ನು ಅವಳು ಅಂದು ಕಂಡಳು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟಳು.

ಉಪ್ಪು.

ಗಿಡಕ್ಕೆ ಉಪ್ಪು ಹೆಚ್ಚಾದರೆ ಬೇರಿಗೆ ನೀರು ದಕ್ಕುವುದಿಲ್ಲ. ಹೊಳೆಯಲ್ಲಿ ನಿಂತರೂ ಬಾಯಿ ಒಣಗುತ್ತದೆ. ಯಂತ್ರಕ್ಕೆ ಅದು ಬಾಯಾರಿಕೆಯಂತೆಯೇ ಕಾಣುತ್ತದೆ. ನೀರು ಬಿಟ್ಟಷ್ಟೂ ತಳದ ಉಪ್ಪು ಕರಗಿ, ಬೇರಿನ ಎಳೆತಕ್ಕೆ ಮೇಲೇರಿ, ಇನ್ನಷ್ಟು ಗಿಡ ಕೊಲ್ಲುತ್ತದೆ. ಹಾಸಿ ಇಷ್ಟು ವರ್ಷದ ಮೇಲೆ ಬೇರು ಆ ಆಳ ಮುಟ್ಟಿದೆ, ಅದಕ್ಕೇ ಈಗ ಸಾವು. ಎಲ್ಲ ಸರಿಹೊಂದಿತು. ಲ್ಯಾಬಿಗೆ ಓಡಿ, ಎಲೆ ಅರೆದು, ಅಳತೆ ಹಿಡಿದು, ಖಚಿತ ಮಾಡಿಕೊಂಡಳು. ತಿಂಗಳುಗಟ್ಟಲೆ ತಲೆ ತಿಂದ ಗಂಟು ಬಿಚ್ಚಿದ ಸಂತೋಷ ಎಷ್ಟಿತ್ತೆಂದರೆ, ಉಪ್ಪು ಅಲ್ಲಿಗೆ ಬಂದದ್ದಾದರೂ ಹೇಗೆ ಎಂದು ಕೇಳಿಕೊಳ್ಳುವ ಮುನ್ನವೇ ಮಾಲಿಗೆ ಕಾರಣ ಬರೆದು ಒಪ್ಪಿಸಿಬಿಟ್ಟಳು: ಆಳದಲ್ಲಿ ಸವಳು.

ಮಾಲಿ ತಡಮಾಡಲಿಲ್ಲ. ಸವಳಿಗೆ ಮದ್ದು ಅದರ ನೆನಪಿನಲ್ಲೇ ಇತ್ತು. ಮದ್ದು ಮಾಡಿದವಳೂ ಅವಳೇ. ಡಾಕ್ಟರೇಟಿಗೆಂದು ಅವಳು ಬೆಳೆಸಿದ್ದ ಸವಳುಬಳ್ಳಿ, ತಂಬಳ್ಳಿಯ ತಂಗಿಯಂಥ ತಳಿ, ಉಪ್ಪನ್ನೇ ಉಂಡು ಕೊಬ್ಬುವಂಥದ್ದು. ಸಸಿ ತಯಾರಿಸುವ ಆದೇಶ ಆ ಕ್ಷಣವೇ ಹೋಯಿತು. ದೇಸಾಯಿಯವರು ಎದ್ದು ಬಂದು ಅವಳ ಕೈ ಕುಲುಕಿ, ಇದೇ ಬಡಾವಣೆಯಲ್ಲಿರುವ ತಮ್ಮ ಅತ್ತೆ ಸೆಕೆಗೆ ಎದೆ ಬಿಗಿದು ಮಲಗಿದ್ದಾರೆಂದೂ ಅವರ ಪಾಲಿಗೆ ನೀವು ದೇವರೆಂದೂ ಹೇಳಿದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ದೇಸಾಯಿ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗುವ ಪ್ರಮೇಯ ಬಾರದ ಹಾಗೆ ಅವರ ಸುತ್ತಲಿನ ಎಲ್ಲವನ್ನೂ ಬೇರೆಯವರು ಮೊದಲೇ ಮಾಡಿ ಮುಗಿಸಿಟ್ಟಿದ್ದರು.

ಬಿಡುವಿನ ದಿನ ಯಶೋಧರಾ ಓಣಿಗೆ ಹೋದಳು. ತಾಯಿ ಲಚಮವ್ವ ಮನೆಯಲ್ಲಿರಲಿಲ್ಲ. ಎದುರು ಮನೆಯ ಸಾಯಬಣ್ಣ ತೀರಿಹೋಗಿದ್ದ; ತಗಡಿನ ಕಾವಿಗೆ ಮಲಗಿದವನು ಏಳಲಿಲ್ಲ. ಓಣಿಯವರೆಲ್ಲ ಮಣ್ಣಿಗೆ ಹೋಗಿದ್ದರು. ಮಣ್ಣು ಎಲ್ಲಿಂದ ಬರಬೇಕು, ಹೂಳುವ ನೆಲವನ್ನೇ ಕಸಿದ ಮೇಲೆ ಅವರ ಹೆಣಗಳೆಲ್ಲ ಕರೆಂಟಿನ ಒಲೆಗೆ ಹೋಗುತ್ತಿದ್ದವು. ಆದರೂ ಮಣ್ಣಿಗೆ ಹೋಗಿದ್ದೆವು ಎಂದೇ ಹೇಳುವುದು.

ಲಚಮವ್ವ ಬಂದು ತಲೆಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಒಳಗೆ ಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿ, ಮೂಲೆಯಲ್ಲಿದ್ದ ದೊಡ್ಡ ಗಡಿಗೆಯೊಳಗೆ ಸುರಿದಳು. ಹರಳುಪ್ಪು. ಗಡಿಗೆ ಕಂಠದ ತನಕ ತುಂಬಿತ್ತು.

ಅವರಲ್ಲಿ ಪದ್ಧತಿ ಅದು. ಸತ್ತವರನ್ನು ಕುಣಿಯೊಳಗೆ ಇಳಿಸಿದ ಮೇಲೆ, ಬಂದವರೆಲ್ಲ ಮನೆಯಿಂದ ಸೆರಗಿನಲ್ಲಿ ಕಟ್ಟಿ ತಂದ ಒಂದೊಂದು ಹಿಡಿ ಉಪ್ಪು ಹಾಕಿ, ಆಮೇಲೆ ಮಣ್ಣು ಎಳೆಯುತ್ತಾರೆ. ಸತ್ತವನ ಋಣ ಅಷ್ಟಕ್ಕೆ ತೀರಿತು. ಕರೆಂಟಿನ ಒಲೆಯವನು ಉಪ್ಪು ಹಾಕಲು ಬಿಡುವುದಿಲ್ಲ, ಯಂತ್ರ ಕೆಡುತ್ತದಂತೆ. ಹೆಂಗಸರು ಒಯ್ದ ಉಪ್ಪನ್ನು ತಿರುಗಿ ತರುತ್ತಾರೆ. ಹೆಣಕ್ಕೆ ಎತ್ತಿಟ್ಟದ್ದನ್ನು ಅಡಿಗೆಗೆ ಹಾಕುವಂತಿಲ್ಲ, ಬೀದಿಗೆ ಚೆಲ್ಲುವಂತಿಲ್ಲ. ಹಾಗಾಗಿ ಓಣಿಯ ಪ್ರತಿ ಮನೆಯ ಮೂಲೆಯಲ್ಲೂ, ಕೊಡಬೇಕಾದವರಿಗೆ ಕೊಡಲಾಗದೆ ಉಳಿದ ಉಪ್ಪಿನ ಒಂದು ಗಡಿಗೆ.

ಯಶೋಧರಾ ಈ ಗಡಿಗೆಯನ್ನು ಎಷ್ಟು ಸಲ ನೋಡಿದ್ದಳೋ. ಹಾಸ್ಟೆಲಿಗೆ ಹೋಗುವ ಮೊದಲು, ತನ್ನ ಅಜ್ಜಿಯ ಕುಣಿಗೆ ತಾನೇ ತನ್ನ ಪುಟ್ಟ ಮುಷ್ಟಿಯಿಂದ ಉಪ್ಪು ಹಾಕಿದ್ದಳು. ನಾಲಿಗೆಗೆ ಉಪ್ಪು ಹತ್ತಿದಾಗ ಲ್ಯಾಬು ನೆನಪಾಯಿತೇ ಹೊರತು ಅಜ್ಜಿ ನೆನಪಾಗಲಿಲ್ಲ. ಅವಳ ಓದು ಅಷ್ಟು ಚೆನ್ನಾಗಿ ಆಗಿತ್ತು.

"ಯವ್ವಾ, ನಾವು ಮಣ್ಣು ಕೊಡ್ತಿದ್ದ ಜಾಗ ಈಗ ಆ ಕಾಂಪೌಂಡಿನಾಗ ಎಲ್ಲಿ ಬರ್ತದ?" ಎಂದು ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು.

"ನೀನೇ ಕೆಲಸ ಮಾಡ್ತಿ ಅಲ್ಲಿ, ನನ್ನ ಕೇಳ್ತಿಯಲ್ಲ" ಎಂದಳು ಲಚಮವ್ವ.

ಮರುದಿನ ಕಂಟ್ರೋಲ್ ರೂಮಿನಲ್ಲಿ ಪರದೆಯ ಮುಂದೆ ನಿಂತಳು. ಮಚ್ಚೆಗಳನ್ನು ಇಷ್ಟು ದಿನ ಒಂದೊಂದಾಗಿ ನೋಡಿದ್ದಳು, ರೋಗಿಯ ಮೈಮೇಲಿನ ಹುಣ್ಣು ನೋಡುವ ಹಾಗೆ. ಈಗ ಎಲ್ಲವನ್ನೂ ಒಟ್ಟಿಗೆ ಕಂಡಳು. ಎಲ್ಲವೂ ಉದ್ದನೆಯವು. ಎಲ್ಲವೂ ಒಂದೇ ದಿಕ್ಕಿಗೆ, ತೆಂಕಣಕ್ಕೆ ತಲೆಯಿಟ್ಟು ಮಲಗಿದ ಹಾಗೆ. ಸಾಲು, ಸಾಲಿನ ಬದಿಗೆ ಸಾಲು. ಪಾರಿಜಾತ ಬೀದಿಯ ಅಂಗಳಗಳಲ್ಲಿ, ಮಕ್ಕಳ ಜೋಕಾಲಿಯ ಕೆಳಗೆ, ಇಂಜಿನಿಯರ ಮಲಗುವ ಕೋಣೆಯ ಕಿಟಕಿಗೆ ಒತ್ತಿಕೊಂಡು. ಕೆಲವು ಅಗಲ, ಕೆಲವು ಕಿರಿದು. ಅದರ ಅರ್ಥವೂ ಅವಳಿಗೆ ಹೊಳೆಯಿತು. ಯಾರ ಮಣ್ಣಿಗೆ ಬಹಳ ಮಂದಿ ಬಂದಿದ್ದರೋ ಅವರ ಮಚ್ಚೆ ಅಗಲ. ಬದುಕಿದ್ದಾಗ ಯಾವ ಕಾಗದದಲ್ಲೂ ಹೆಸರಿಲ್ಲದವರು, ಎಷ್ಟು ಜನಕ್ಕೆ ಬೇಕಾದವರಾಗಿದ್ದರು ಎಂಬುದನ್ನು ನೇರಳೆ ಹೂವಿನ ನಡುವೆ ಬರೆದುಕೊಂಡು ಮಲಗಿದ್ದರು.

ಸಾಲು ಬಿಟ್ಟು ದೂರದಲ್ಲಿ, ಮೂಡಣದ ಅಂಚಿಗೆ, ಕಾರಂಜಿಯ ಪಕ್ಕ, ಒಂದು ಮೊಳ ಉದ್ದದ ಮಚ್ಚೆಯೊಂದಿತ್ತು. ಚಿಕ್ಕದು, ಆದರೆ ಕಡುಗೆಂಪು. ಉಳಿದ ಯಾವುದಕ್ಕೂ ಅಷ್ಟು ಉಪ್ಪು ಬಿದ್ದಿರಲಿಲ್ಲ.

ಆ ಸಂಜೆಯೇ ಮತ್ತೆ ಓಣಿಗೆ ಹೋಗಿ ತಾಯಿಗೆ ಹೇಳಿದಳು. ಲಚಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತಳು. ಯಶೋಧರಾಗಿಂತ ಮೊದಲು ಹುಟ್ಟಿದ ಗಂಡುಕೂಸು ಉರಿಗಾಳಿಯ ವರ್ಷ ತೀರಿಕೊಂಡಿತ್ತು. ಗಂಡ ದೂರದ ಕಲ್ಲುಗಣಿಯಲ್ಲಿದ್ದ. ಬೀದಿಗೆ ಬಂದವರನ್ನು ಪೊಲೀಸರು ಹೊಡೆಯುತ್ತಿದ್ದ ದಿನಗಳು, ಯಾರೂ ಜೊತೆಗೆ ಬರಲಿಲ್ಲ. ಕೂಸನ್ನು ಬಗಲಲ್ಲಿಟ್ಟುಕೊಂಡು ಒಬ್ಬಳೇ ಹೋಗಿ, ಬೇವಿನ ಮರದ ಬುಡದಲ್ಲಿ ನೆಲ ಮೆತ್ತಗಿತ್ತೆಂದು ಅಲ್ಲೇ ಕೈಯಾರೆ ಕೆದರಿ ಮಲಗಿಸಿ ಬಂದಿದ್ದಳು. ಶೀತಲವನ ಬಂದಾಗ ಬೇವು ಹೋಯಿತು, ಗುರುತಿಗೆ ನೆಟ್ಟ ಕಲ್ಲುಗಳು ಅಡಿಪಾಯಕ್ಕೆ ಹೋದವು. ಅಂದಿನಿಂದ ಆ ಗೋಡೆಯ ಕಡೆ ಮುಖಮಾಡಿ ಅವಳು ಮಲಗಿದ್ದಿಲ್ಲ.

"ಉಪ್ಪು ಎಷ್ಟು ಹಾಕಿದ್ದಿ ಯವ್ವಾ?"

"ಓಣಿಯವರ್ಯಾರೂ ಬರಲಿಲ್ಲಲ್ಲ. ಎಲ್ಲಾರ ಹಿಡೀನೂ ನಾನೇ ಹಾಕ್ದೆ. ಗಡಿಗಿ ಬೋರಲ ಹಾಕಿ ಬಂದೆ."

ಯಶೋಧರಾ ಗೋಡೆಗೆ ತಲೆಯಾನಿಸಿದಳು. ಗೋಡೆ ಬೆಚ್ಚಗಿರಲಿಲ್ಲ, ಸುಡುತ್ತಿತ್ತು. ತಾನೇ ಒಪ್ಪಿಸಿದ ಕಾರಣಕ್ಕೆ ತಾನೇ ಬೆಳೆಸಿದ ಬಳ್ಳಿ ಆ ಮಚ್ಚೆಗಳನ್ನೆಲ್ಲ ನುಂಗಲು ಸಸಿಮಡಿಯಲ್ಲಿ ಚಿಗುರುತ್ತಿದೆ ಎಂಬುದನ್ನೂ ಹೇಳಬೇಕಾಯಿತು. ಹೇಳಿದಳು. ಬೈಸಿಕೊಳ್ಳಲು ತಯಾರಾಗಿದ್ದಳು; ಲಚಮವ್ವ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು.

ಓಣಿಯ ಹಿರಿಯ ಮರೆಪ್ಪನನ್ನು ಕರೆಸಿದರು. ನೆಲಕ್ಕಾಗಿ ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿದವನು ಅವನು. ಇಲ್ಲಿ ಹೆಣ ಹೂಳುತ್ತಿದ್ದರು ಎಂಬುದಕ್ಕೆ ಗುರುತೇನು ಎಂದು ಕೆಳಗಿನ ಕೋರ್ಟು ಕೇಳಿತ್ತು. ಕಲ್ಲು ಕಿತ್ತವರೇ ಕಲ್ಲು ತೋರಿಸಿ ಎಂದಿದ್ದರು. ಕಾಗದದಲ್ಲಿ ಆ ಜಾಗ ಖಾಲಿ ಪಡ ಎಂದಿತ್ತು, ಖಾಲಿ ಎಂದೇ ತೀರ್ಪಾಯಿತು. ಮೇಲಿನ ಕೋರ್ಟು ಅಪೀಲು ತೆಗೆದುಕೊಂಡು, ಮಳೆಗಾಲ ಕಳೆದ ಮೇಲೆ ಜಾಗ ನೋಡಲು ಒಬ್ಬ ಕಮಿಷನರನನ್ನು ಕಳಿಸುತ್ತೇನೆಂದಿತ್ತು.

ಯಶೋಧರಾ ಹೇಳಿದ್ದನ್ನೆಲ್ಲ ಕೇಳಿ ಮರೆಪ್ಪ ಹೊರಗೆ ಹೋಗಿ ಬಾಯಿಯ ಎಲೆ ಅಡಿಕೆ ಉಗಿದು ಬಂದ. ಆಮೇಲೆ, ಉಪ್ಪಿನ ಋಣ ಅಂತಾರಲ್ಲ, ಸತ್ತವರೇ ಎದ್ದು ಸಾಕ್ಷಿ ಹೇಳಕತ್ತಾರ ತಂಗಿ, ನಮ್ಮ ವಕೀಲನಿಗಿಂತ ಅವರೇ ಚಲೋ ಎಂದ. ಆದರೆ ಕಮಿಷನರ ಬರುವತನಕ ಮಚ್ಚೆ ಉಳಿಯಬೇಕಲ್ಲ. ಈಗಲೇ ಅಗೆದು ತೋರಿಸಿದರೆ ಎಂದು ಯಾರೋ ಬಾಗಿಲಿನಿಂದ ಕೇಳಿದರು. ಅದಕ್ಕೆ ಲಚಮವ್ವ ಆವತ್ತಿನ ಒಂದೇ ಒಂದು ಗಟ್ಟಿ ಮಾತಾಡಿದಳು.

"ಅಗದು ಎಲುಬು ಎಣಿಸಿದ್ರನೇ ನಾವು ಮನಷ್ಯಾರು ಅಂತ ನಂಬ್ತಾರಾ? ಅಗ್ಯೂದು ಬ್ಯಾಡ. ಮಲಗಿದವರ ಹೊದಿಕಿ ಎಳೀಬ್ಯಾಡ್ರಿ."

ಕಳೆ ಕೀಳುವ ಹೆಂಗಸರ ಮುಂದಾಳು ಕಾಶೆವ್ವ ಬಾಗಿಲಿಗೊರಗಿ ನಿಂತಿದ್ದಳು. ಅವಳ ಕಣ್ಣು ಮೂಲೆಯ ಗಡಿಗೆಯ ಮೇಲಿತ್ತು. ನಿನ್ನ ಬಳ್ಳಿ ಎಷ್ಟು ಉಪ್ಪು ತಿಂತದ ಯಶೀ ಎಂದು ಕೇಳಿದಳು.

ಎಷ್ಟು ಎಂಬುದು ಈ ಭೂಮಿಯ ಮೇಲೆ ಸರಿಯಾಗಿ ಗೊತ್ತಿದ್ದದ್ದು ಯಶೋಧರಾ ಒಬ್ಬಳಿಗೇ. ಎಲ್ಲಿಗೆ ಸವಳುಬಳ್ಳಿಯ ಹೊಟ್ಟೆ ಬಿರಿಯುತ್ತದೆ ಎಂದು ಕಂಡುಹಿಡಿಯಲು ಎಷ್ಟು ಸಾವಿರ ಸಸಿಗಳನ್ನು ಕೊಂದಿದ್ದಳೋ. ಈ ಮಾತು ಬಾಯಿಂದ ಹೊರಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಗಿಡದ ಡಾಕ್ಟರು ಎಂದು ಮುಂದೆ ಯಾರೂ ಅವಳನ್ನು ಕರೆಯುವುದಿಲ್ಲ. ಇನ್ನೂ ಒಂದಿತ್ತು. ಅಷ್ಟು ಉಪ್ಪು ಬಿದ್ದ ನೆಲದಲ್ಲಿ ಒಂದು ತಲೆಮಾರು ಗರಿಕೆಯೂ ಹುಟ್ಟುವುದಿಲ್ಲ. ನೆಲವನ್ನು ಉಳಿಸಿಕೊಳ್ಳಲು ನೆಲವನ್ನೇ ಕೊಲ್ಲುವ ಲೆಕ್ಕ ಅದು.

"ಒಂದು ಹಿಡಿ ಸಾಲೂದಿಲ್ಲ ಕಾಕು" ಎಂದಳು. "ಬುಡಕ್ಕ ಒಂದು ಬೊಗಸಿ. ಮ್ಯಾಲ ಒಂದು ಚರಿಗಿ ನೀರು, ಅಷ್ಟ."

ಶೀತಲವನದ ಗೇಟಿನಲ್ಲಿ ಕೆಲಸದ ಹೆಂಗಸರ ಝಡತಿ ನಡೆಯುತ್ತಿದ್ದದ್ದು ಹೊರಗೆ ಹೋಗುವಾಗ ಮಾತ್ರ. ಒಂದು ಹೂವು, ಒಂದು ಹಣ್ಣು ಸೆರಗಿನಲ್ಲಿ ಹೋಗುತ್ತಿದೆಯೇ ಎಂದು ಮೈ ತಡವಿ ನೋಡುತ್ತಿದ್ದರು. ಒಳಗೆ ಬರುವಾಗ ಯಾರೂ ನೋಡುತ್ತಿರಲಿಲ್ಲ. ಇಂಥವರು ಏನನ್ನಾದರೂ ಕದ್ದಾರು ಎಂದು ಯೋಚಿಸಲು ಬರುತ್ತಿತ್ತೇ ಹೊರತು, ಏನನ್ನಾದರೂ ತಂದಾರು ಎಂಬುದು ಆ ಗೇಟು ಕಟ್ಟಿದವರ ತಲೆಗೆ ಹೋಗುವಂತಿರಲಿಲ್ಲ.

ಮಳೆ ಹನಿಯದ ಮಳೆಗಾಲದಲ್ಲಿ ಸವಳುಬಳ್ಳಿಯ ಸಸಿಗಳು ಬಂದವು. ದೇಸಾಯಿಯವರು ಬುದ್ಧಿವಂತಿಕೆ ಮಾಡಿ, ಮೊದಲು ಚಿಕ್ಕ ಮಚ್ಚೆಗಳನ್ನು ಮುಚ್ಚೋಣ, ಬೇಗ ಹಸಿರಾಗುತ್ತವೆ, ಜನಕ್ಕೆ ನಂಬಿಕೆ ಬರುತ್ತದೆ ಎಂದರು. ಯಶೋಧರಾ ಬೇಡ, ದೊಡ್ಡವಕ್ಕೆ ಮೊದಲು ಹಾಕೋಣ ಎಂದು ಏನೇನೋ ಶಾಸ್ತ್ರ ಹೇಳಿ ನೋಡಿದಳು. ಕೇಳಲಿಲ್ಲ. ಕಾರಂಜಿಯ ಪಕ್ಕದ ಮೊಳದುದ್ದದ ಮಚ್ಚೆ ಎಲ್ಲಕ್ಕಿಂತ ಮೊದಲು ಹಸಿರಾಯಿತು. ಅಲ್ಲಿದ್ದ ಉಪ್ಪನ್ನೆಲ್ಲ ಉಂಡು, ಬಳ್ಳಿ ಸೊಕ್ಕಿ ಹೂವು ಬಿಟ್ಟಿತು. ಮಾಲಿ ತನ್ನ ಪರದೆಯ ಮೇಲೆ ಆ ಜಾಗಕ್ಕೆ ಆರಾಮ ಎಂದು ಬರೆದು, ಹಳೆಯ ಕೆಂಪನ್ನು ತನ್ನ ನೆನಪಿನಿಂದ ಅಳಿಸಿಹಾಕಿತು. ವಾಸಿಯಾದ ರೋಗವನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿರಲಿಲ್ಲ.

ದೊಡ್ಡ ಮಚ್ಚೆಗಳಿಗೆ ಸಸಿ ಹಾಕುವ ಹೊತ್ತಿಗೆ ಹೆಂಗಸರ ಕೈ ಕೂಡಿ ಬಂದಿತ್ತು. ಕುಕ್ಕುರುಗಾಲಿನಲ್ಲಿ ಕೂತು ಕಳೆ ಕೀಳುತ್ತ, ತಲೆಮೇಲಿನ ಸೆರಗು ಜಾರದಂತೆ ಹಲ್ಲಿನಲ್ಲಿ ಕಚ್ಚಿ, ಮಡಿಲಿನಿಂದ ಬೊಗಸೆ ಬೊಗಸೆ ಉಪ್ಪು ಬುಡಕ್ಕೆ ಸೇರಿಸಿದರು. ಸಾಯಬಣ್ಣನಿಗೆ ಹಾಕಲಾಗದ ಉಪ್ಪು, ಅವನ ಹಿಂದೆ ಹೋದವರಿಗೆ ಹಾಕಲಾಗದ ಉಪ್ಪು, ಒಲೆಯ ಬಾಗಿಲಿನಿಂದ ತಿರುಗಿ ಬಂದ ಉಪ್ಪೆಲ್ಲ ಅವರ ಹಿರಿಯರ ಎದೆಯ ಮೇಲೆ ಬಿತ್ತು. ಕಾಶೆವ್ವ ಯಾವ ಕುಣಿ ಯಾರದೆಂದು ಅಂದಾಜಿನ ಮೇಲೆ ಹೆಸರು ಹಿಡಿದು, ಯಜಮಾನಾ, ತಡವಾತು, ಸಿಟ್ಟಾಗಬ್ಯಾಡ ಎಂದು ಗೊಣಗುತ್ತಿದ್ದಳಂತೆ. ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ ನೋಡಿ, ಈ ಕೆಲಸದವರು ಎಷ್ಟು ಚೆನ್ನಾಗಿ ಹಾಡು ಹೇಳಿಕೊಂಡು ಕೆಲಸ ಮಾಡುತ್ತಾರೆ ಎಂದು ಮೆಚ್ಚಿಕೊಂಡಳು.

ಸವಳುಬಳ್ಳಿ ಸತ್ತಿತು. ಮಚ್ಚೆಗಳು ತಿರುಗಿ ಎದ್ದವು, ಮೊದಲಿಗಿಂತ ಬಿಳುಪಾಗಿ, ಆಕಾಶದಿಂದ ನೋಡಿದರೂ ಕಾಣುವ ಹಾಗೆ. ದೇಸಾಯಿಯವರು ಅವಳ ಮೇಜಿನ ಮುಂದೆ ಬಂದು ನಿಂತರು. ಅವರ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಮುಖ ಕಳೆಗುಂದಿತ್ತು.

"ನಿಮ್ಮ ಕೈಯಿಂದ ಹುಟ್ಟಿದ ಗಿಡ. ಯಾಕೆ ಸಾಯುತ್ತಿದೆ, ನಿಮಗೂ ತಿಳಿಯುತ್ತಿಲ್ಲವೇ?"

ಯಶೋಧರಾಗೆ ಅವರ ಅತ್ತೆಯ ಬಗ್ಗೆ ಮರುಕ ಬಂತು. ಅದರ ಹಿಂದೆಯೇ ತಗಡಿನ ಕೆಳಗೆ ಮಲಗಿ ಏಳದ ಸಾಯಬಣ್ಣ ಬಂದ. ಅವನಿಗೆ ಎದೆ ಬಿಗಿದಿದೆ ಎಂದು ಯಾರೂ ಯಾವ ಕಂಟ್ರೋಲ್ ರೂಮಿಗೂ ಫೋನು ಮಾಡಿರಲಿಲ್ಲ. "ತಿಳಿಯುತ್ತಿಲ್ಲ ಸರ್" ಎಂದಳು. ಅವರು ಅವಳನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಸ್ಟೇಷನ್ ಕಡೆ ಎಂದಿರಲ್ಲ, ಸ್ಟೇಷನ್ನಿನ ಯಾವ ಭಾಗ ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಬರುವ ವಾರದಿಂದ ಕಳೆಯ ಹೆಂಗಸರ ಗುಂಪನ್ನೇ ಬದಲಿಸುತ್ತಾರೆಂಬ ಸುದ್ದಿ ಸಂಜೆಯೊಳಗೆ ಬಂತು.

ಹಾಗಾಗಿ ಮರುದಿನವೇ ಲಚಮವ್ವ ಬಂದಳು. ಕಾಶೆವ್ವನ ಪಾಸು ಹಿಡಿದು, ಮುಖಕ್ಕೆ ಧೂಳಿನ ಬಟ್ಟೆ ಸುತ್ತಿಕೊಂಡು. ಪಾಸಿನ ಫೋಟೋಗೂ ಮುಖಕ್ಕೂ ತಾಳೆ ಹಾಕುವ ಗೋಜಿಗೆ ಗೇಟಿನವನು ಹೋಗಲಿಲ್ಲ. ಅವನ ಕಣ್ಣಿಗೆ ಅವರೆಲ್ಲ ಒಂದೇ. ಬಗಲಿನಲ್ಲಿ ಬಟ್ಟೆಯ ಗಂಟು ಇತ್ತು, ಮಗುವನ್ನು ಎತ್ತಿಕೊಂಡ ಹಾಗೆಯೇ ಎತ್ತಿಕೊಂಡಿದ್ದಳು. ಯಶೋಧರಾ ಎಲ್ಲರ ಎದುರಿಗೇ ಅವಳ ಪಕ್ಕದಲ್ಲಿ ನಡೆದಳು.

ಕಾರಂಜಿಯ ಬಳಿ ಎಲ್ಲ ಹಸಿರು. ಎಲ್ಲೆಲ್ಲೂ ನೇರಳೆ ಹೂವು. ಯಶೋಧರಾ ಕಾರಂಜಿಯ ಕಟ್ಟೆಯಿಂದ ಅಳೆದಳು, ದೀಪದ ಕಂಬದಿಂದ ಅಳೆದಳು, ಪರದೆಯ ಮೇಲೆ ಕಂಡದ್ದನ್ನು ಕಣ್ಣು ಮುಚ್ಚಿ ನೆನೆದಳು. ಒಮ್ಮೆ ಇಲ್ಲಿ ಎನಿಸಿತು, ಒಮ್ಮೆ ಎರಡು ಮಾರು ಆಚೆ ಎನಿಸಿತು. ಸಸ್ಯರೋಗದ ಡಾಕ್ಟರು ಬೆವರಿದಳು.

"ಇಲ್ಲೇನು?" ಎಂದಳು ಲಚಮವ್ವ.

"ಇಲ್ಲೇ ಅನಸ್ತದ ಯವ್ವಾ. ಖರೇ ಗೊತ್ತಿಲ್ಲ."

ಲಚಮವ್ವ ಚಪ್ಪಲಿ ಬಿಟ್ಟು ಕೂತಳು. ಬಳ್ಳಿಯ ಮೇಲೆ ಕೈಯಾಡಿಸಿದಳು. ತಣ್ಣಗಿತ್ತು. ಇಷ್ಟು ತಂಪಿನಾಗ ಮಲಗ್ಯಾನ ನನ್ನ ಕೂಸು ಎಂದಳು, ಅದರಲ್ಲಿ ಸಮಾಧಾನವಿತ್ತೋ ದೂರಿತ್ತೋ ಮಗಳಿಗೆ ತಿಳಿಯಲಿಲ್ಲ. ಗಂಟು ಬಿಚ್ಚಿ ಒಂದೊಂದೇ ಬೊಗಸೆ ಹಾಕತೊಡಗಿದಳು. ಪ್ರತಿ ಬೊಗಸೆಗೂ ಒಂದೊಂದು ಹೆಸರು ಹೇಳಿದಳು. ಇದು ನಿನ್ನ ಅಜ್ಜಿದು. ಇದು ಮರೆಪ್ಪ ಮಾಮಾಂದು. ಇದು ಸಾಯಬಣ್ಣಂದು. ಇದು ಕಾಶೆವ್ವಂದು. ಅಂದು ಬಾರದೆ ಹೋದ ಓಣಿಯೆಲ್ಲ ಒಬ್ಬೊಬ್ಬರಾಗಿ ಬಂದು ಹೋದರು. ಕಡೆಗೆ ಗಂಟಿನ ತಳದಲ್ಲಿ ಸ್ವಲ್ಪ ಉಳಿದಾಗ ಅದನ್ನು ಮಗಳ ಕೈಗೆ ಸುರಿದಳು. ಅಣ್ಣ ಅವನು ನಿನಗ, ಹಾಕು ಎಂದಳು.

ಯಶೋಧರಾ ಹಾಕಿದಳು.

ಅವಳ ಹೆಸರಿಗೆ ಅಮಾನತಿನ ಆದೇಶ ಬರುವುದೆಂದು ತಿಳಿದ ಬೆಳಗ್ಗೆ, ಕಡೆಯ ಸಲ ಕಂಟ್ರೋಲ್ ರೂಮಿಗೆ ಹೋಗಿ ಪರದೆಯ ಮುಂದೆ ಕೂತಳು. ಸಾಲು ಸಾಲಾಗಿ ಕೆಂಪು ಮಲಗಿತ್ತು. ಕಮಿಷನರ ಬರುವತನಕ ಇವು ಇರುತ್ತವೋ, ರಾತ್ರೋರಾತ್ರಿ ಯಂತ್ರ ತಂದು ಮಣ್ಣು ಸಮೇತ ಎತ್ತಿಹಾಕುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಎತ್ತಿಹಾಕುವವರು ಎತ್ತಿಯೇ ಹಾಕುತ್ತಾರೆ ಎಂದು ಇಷ್ಟು ವರ್ಷದ ಬದುಕು ಹೇಳುತ್ತಿತ್ತು. ಮೂಡಣದ ಅಂಚಿನಲ್ಲಿ, ಕಾರಂಜಿಯ ಪಕ್ಕ, ಪರದೆ ಇನ್ನೂ ಹಸಿರಾಗಿತ್ತು. ತಾಯಿ ಹಾಕಿದ ಉಪ್ಪು ಇನ್ನೂ ಮೇಲುಮಣ್ಣಿನಲ್ಲೇ ಇತ್ತು, ಈಗ ಮಾಲಿ ನೀರು ಹರಿಸಿದರೆ ತೊಳೆದುಹೋಗುತ್ತಿತ್ತು.

ಗಿಡ ಉಳಿಸುವುದಕ್ಕೆಂದೇ ಓದಿದವಳು, ಸತ್ತ ಎಲೆ ಕಂಡರೆ ಕೈ ತಾನಾಗಿ ಅದರ ಬುಡಕ್ಕೆ ಹೋಗುತ್ತಿದ್ದವಳು, ಒಂದು ಗಿಡ ಸಾಯಲಿ ಎಂದು ಉಸಿರು ಹಿಡಿದು ಕಾದಳು. ಜಾಗ ತಪ್ಪಿದ್ದರೂ ಸರಿ, ಒಂದು ಮೊಳ ನೆಲ ಅವನ ಹೆಸರಿನಲ್ಲಿ ಬರಿದಾಗಲಿ. ಸಾಯಿ ತಾಯಿ ಎಂದು ತನ್ನದೇ ಬಳ್ಳಿಯನ್ನು ಬೇಡಿಕೊಂಡಳು.

ಹೊರಗೆ ಬಿಸಿಲು ಏರಿತು. ಕಾರಿಡಾರಿನಲ್ಲಿ ದೇಸಾಯಿಯವರ ಬೂಟಿನ ಸದ್ದು ಹತ್ತಿರವಾಯಿತು. ಆಗ ಹಸಿರಿನ ಅಂಚಿನಲ್ಲಿ, ಕಾಳಿನಷ್ಟು, ಹಳದಿ ಮೂಡಿತು. ಮೆಲ್ಲಗೆ ಅದು ಉದ್ದವಾಯಿತು, ತೆಂಕಣಕ್ಕೆ ತಲೆಯಿಟ್ಟು.

ಬಾಯಾರಿಕೆ, ಎಂದು ಬರೆಯಿತು ಮಾಲಿ. ನೀರು ಬಿಡಲೇ?

ಯಶೋಧರಾ ಬೇಡ ಎಂಬ ಗುಂಡಿಯನ್ನು ಒತ್ತಿ, ಬಾಗಿಲು ತೆರೆಯುವವರೆಗೂ ಬೆರಳು ತೆಗೆಯಲಿಲ್ಲ.